ನಾಯಿಯೊಡನೆ ಕೆರೆಯ ಕಡೆಗೆ

ನಮ್ಮ ಮನೆಯಲ್ಲಿ ಬೆಳಗಿನ ಐದೂವರೆಗೆ ಗಡಿಯಾರ ಬಾರಿಸುವುದಿಲ್ಲ. ಕರಿಯ ಬಾಗಿಲು ಕೆರೆಯುತ್ತಾನೆ. ಕರಿಯ ಎಂದರೆ ನಮ್ಮ ನಾಯಿ. ಅವನ ಜಾತಿ ಕೇಳಬೇಡಿ. 2012ರ ಮಳೆಗಾಲದಲ್ಲಿ, ಮೈಸೂರಿನ ನಮ್ಮ ಬೀದಿಯ ಮೋರಿಯ ಕೊಳವೆಯಲ್ಲಿ ಕೂತು ಅಳುತ್ತಿದ್ದ ಒಂದು ಬೊಗಸೆಯಷ್ಟು ಜೀವವನ್ನು ನನ್ನ ಮಗಳು ಲಂಗದಲ್ಲಿ ಸುತ್ತಿಕೊಂಡು ತಂದಳು. “ಒಂದು ರಾತ್ರಿ ಮಾತ್ರ” ಎಂದು ನಮ್ಮ ಮನೆಯಾಕೆ ಒಪ್ಪಿದಳು. ಆ ಒಂದು ರಾತ್ರಿ ಇನ್ನೂ ಬೆಳಗಾಗಿಲ್ಲ.

ಕರಿಯನಿಗೆ ನೀರೆಂದರೆ ಪ್ರಾಣ. ಮೊದಲ ಸಲ ಕೆರೆ ಕಂಡಾಗ ನನ್ನ ಕಡೆ ತಿರುಗಿಯೂ ನೋಡದೆ ನೇರವಾಗಿ ಇಳಿದು ಹೊರಟೇಬಿಟ್ಟ. ಮೋರಿಯಲ್ಲಿ ಸಿಕ್ಕವನಲ್ಲವೆ, ನೀರು ಅವನಿಗೆ ತವರುಮನೆ ಎನ್ನುತ್ತಾಳೆ ನಮ್ಮಾಕೆ. ಅವನ ದೆಸೆಯಿಂದ ನಾನೂ ಈ ಹತ್ತಾರು ವರ್ಷಗಳಲ್ಲಿ ಮೈಸೂರಿನ ಸುತ್ತಮುತ್ತಲ ದಾರಿಗಳನ್ನೂ ದಡಗಳನ್ನೂ ಒಂದಿಷ್ಟು ಕಂಡಿದ್ದೇನೆ. ನಾಯಿ ಸಾಕಿದ ಕೇಳುಗರು ನಿಮ್ಮಲ್ಲಿ ಹಲವರಿದ್ದೀರಿ. ಎಲ್ಲಿಗೆ ಕರೆದುಕೊಂಡು ಹೋಗಬಹುದು, ಎಲ್ಲಿಗೆ ಕೂಡದು ಎಂಬ ವಿಷಯದಲ್ಲಿ ನನಗೆ ತಿಳಿದ ನಾಲ್ಕು ಮಾತನ್ನು ಈ ಹೊತ್ತು ಹೇಳುತ್ತೇನೆ. ಇದರಲ್ಲಿ ಒಂದು ಮಾತು ನಾಯಿಯ ಪ್ರಾಣಕ್ಕೆ ಸಂಬಂಧಪಟ್ಟದ್ದು. ಅದನ್ನು ನಾನು ಬಹಳ ಕಷ್ಟದಿಂದ ಕಲಿತೆ.

ಮೊದಲು ನಡಿಗೆ. ಮೈಸೂರಿನವರಿಗೆ ನಡಿಗೆ ಎಂದೊಡನೆ ಚಾಮುಂಡಿಬೆಟ್ಟದ ಮೆಟ್ಟಿಲು ನೆನಪಾಗುತ್ತದೆ. ಸಾವಿರಕ್ಕೆ ಮಿಕ್ಕ ಮೆಟ್ಟಿಲು. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದ್ದು. ದಾರಿಯ ನಡುವೆ ಕುಳಿತಿರುವ ನಂದಿಯೂ ಅದೇ ಅರಸರ ಕಾಲದ್ದೇ. ನಾಯಿಗೆ ಹತ್ತುವುದು ಕಷ್ಟವಲ್ಲ, ನಮಗೇ ಉಬ್ಬಸ ಬರುವುದು. ಆದರೂ ಕರಿಯನನ್ನು ಅಲ್ಲಿಗೆ ಕರೆದೊಯ್ಯುವಾಗ ನಾನು ಮೂರು ಕಟ್ಟಳೆ ಇಟ್ಟುಕೊಂಡಿದ್ದೇನೆ. ಕತ್ತಲಲ್ಲಿ ಹೊರಡುವುದಿಲ್ಲ. ಬೆಟ್ಟದ ಕಾಡಿನಲ್ಲಿ ಚಿರತೆಗಳಿವೆ; ಚಿರತೆಗೆ ನಾಯಿಯ ಮಾಂಸಕ್ಕಿಂತ ರುಚಿಯಾದದ್ದಿಲ್ಲ. ಸೂರ್ಯ ಚೆನ್ನಾಗಿ ಮೇಲೆ ಬಂದ ಮೇಲೆ ಹೆಜ್ಜೆ ಇಡುತ್ತೇನೆ, ಕಲ್ಲು ಕಾಯುವುದರೊಳಗೆ ಇಳಿದುಬಿಡುತ್ತೇನೆ. ಎರಡನೆಯದು, ಆಷಾಢದ ಶುಕ್ರವಾರಗಳಲ್ಲಿ ಆ ಕಡೆ ತಲೆ ಹಾಕುವುದಿಲ್ಲ. ಮೂರನೆಯದು, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹೆಂಗಸರು ಹತ್ತುತ್ತಿದ್ದರೆ, ನಾಯಿಯನ್ನು ಪಕ್ಕಕ್ಕೆ ಎಳೆದುಕೊಂಡು ಅವರು ಮುಂದೆ ಹೋಗುವ ತನಕ ನಿಲ್ಲುತ್ತೇನೆ. ಅವರ ಹರಕೆಯ ಮೇಲೆ ನಮ್ಮ ನಾಯಿಯ ಪಾದ ಬೀಳಬೇಕಾದ್ದಿಲ್ಲ. ನಂದಿಯಿಂದ ಇತ್ತಲೇ ನಾವು ಹಿಂದಿರುಗುತ್ತೇವೆ.

ಕಲ್ಲು ಕಾಯುವ ಮಾತು ಬಂತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು, ಉಳಿದದ್ದೆಲ್ಲ ನಾಲಗೆ ಚಾಚಿ ತೇಕಿ ತೇಕಿ ತಣಿಸಿಕೊಳ್ಳಬೇಕು. ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ಒಂಬತ್ತು ಗಂಟೆಯ ಮೇಲೆ ಡಾಂಬರು ರಸ್ತೆಯಲ್ಲಿ ನಾಯಿಯನ್ನು ನಡೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಮ್ಮ ಕಾಲಲ್ಲಿ ಚಪ್ಪಲಿ ಇದೆಯಲ್ಲ! ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ನೋಡಿ. ಐದಾರು ಎಣಿಸುವಷ್ಟರಲ್ಲಿ ನೀವು ಕೈ ತೆಗೆದರೆ, ಆ ದಾರಿ ನಾಯಿಗೂ ಅಲ್ಲ.

ಊರಿನೊಳಗೆ ನಮಗೆ ಎರಡು ದೊಡ್ಡ ಕೆರೆಗಳಿವೆ. ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಕುವೆಂಪು ಅವರ ತಿರುಗಾಟದಿಂದ ಕನ್ನಡಿಗರಿಗೆಲ್ಲ ಪರಿಚಿತವಾದದ್ದು. ಲಿಂಗಾಂಬುಧಿ ಕೆರೆಯನ್ನು ಅದೇ ಅರಸರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗಾಗಿ ಕಟ್ಟಿಸಿದರು. ಇವೆರಡನ್ನೂ ನಾನು ಬಹಳ ಪ್ರೀತಿಸುತ್ತೇನೆ, ಇವೆರಡಕ್ಕೂ ಕರಿಯನನ್ನು ಕರೆದೊಯ್ಯುವುದಿಲ್ಲ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಳಿಯುತ್ತವೆ. ದಡದ ಜೊಂಡಿನಲ್ಲಿ ಸಣ್ಣ ಹಕ್ಕಿಗಳು ಮೊಟ್ಟೆಯಿಟ್ಟಿರುತ್ತವೆ. ನಾಯಿ ಕಚ್ಚಬೇಕೆಂದೇನೂ ಇಲ್ಲ. ಒಂದು ಸಲ ಒಳಕ್ಕೆ ನುಗ್ಗಿದರೆ ಸಾಕು, ಕಾವಿಗೆ ಕೂತ ತಾಯಿ ಹಾರಿಹೋಗುತ್ತದೆ. ಅಲ್ಲಿಗೆ ನಾನು ಒಬ್ಬನೇ ಹೋಗುವ ದಿನ ಕರಿಯ ಮುಖ ತಿರುಗಿಸಿಕೊಂಡು ಮಲಗಿರುತ್ತಾನೆ. ಹಿಂದಿರುಗಿದ ಮೇಲೆ ನನ್ನ ಚಪ್ಪಲಿಯನ್ನು ಮೂಸಿ ನೋಡಿ ಎಲ್ಲವನ್ನೂ ತಿಳಿದುಕೊಳ್ಳುತ್ತಾನೆ.

“ಹಾಗಾದರೆ ಹೊಳೆಗೆ ಹೋಗಬಹುದಲ್ಲ, ಕಾವೇರಿ ಹತ್ತು ಮೈಲಿಯಲ್ಲಿದೆ” ಎಂದು ಸ್ನೇಹಿತರು ಹೇಳುತ್ತಾರೆ. ಹೋಗಿದ್ದೆ. ಶ್ರೀರಂಗಪಟ್ಟಣದ ಸುತ್ತ ದಡದ ಮೇಲೆ ನಡೆಯುವುದು ಚೆಲುವಾದ ಅನುಭವ. ಕಬ್ಬಿನ ಗದ್ದೆ, ತೆಂಗಿನ ತೋಟ, ಹಳೆಯ ಕಾಲುವೆಗಳ ಮೇಲಿನ ಕಲ್ಲುಸೇತುವೆ. ಆದರೆ ನಾಯಿಯನ್ನು ಆ ನೀರಿಗೆ ಬಿಡುವುದಿಲ್ಲ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಅಲ್ಲೇ ಇದೆ. ಅಲ್ಲಿಯ ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳನ್ನು ದೋಣಿಯಲ್ಲಿ ಕೂತು ನೋಡಿದವರು ನಮ್ಮಲ್ಲಿ ಬಹಳ ಮಂದಿ. ಪಕ್ಷಿಧಾಮಕ್ಕೆ ಎಲ್ಲೆಯುಂಟು, ಮೊಸಳೆಗೆ ಎಲ್ಲೆಯ ಕಲ್ಲು ಓದಲು ಬರುವುದಿಲ್ಲ. ಇನ್ನು ಬಲಮುರಿಯಲ್ಲಿ ಕಟ್ಟೆಯ ಮೇಲೆ ನೀರು ತೆಳುವಾಗಿ ಹಾಸಿಕೊಂಡು ಬೀಳುವುದನ್ನು ಕಂಡರೆ ಮಗುವೂ ಇಳಿಯಬಹುದೆನಿಸುತ್ತದೆ. ಆದರೆ ಪಾಚಿ ಕಟ್ಟಿದ ಕಲ್ಲು, ಕೆಳಗೆ ಕಾಣದ ಮಡು. ಮೇಲೆ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೆ ಹೊಳೆಯ ಗುಣವೇ ಬದಲಾಗುತ್ತದೆ. ಮನುಷ್ಯರೇ ಅಲ್ಲಿ ಎಷ್ಟೋ ಮಂದಿ ಹೋಗಿದ್ದಾರೆ.

ಹೊಳೆ ಬೇಡ, ಕೆರೆ ಬೇಡ ಎಂದ ಮೇಲೆ ನಾನು ಮಾಡಿದ ತಪ್ಪಿನ ಕಥೆಗೆ ಬರಬೇಕು.

2015ರ ನವೆಂಬರ್ ತಿಂಗಳು. ನಾಲೆಯಲ್ಲಿ ಹರಿಯುವ ನೀರು ಚೊಕ್ಕಟವಾಗಿರುತ್ತದೆ, ಮೊಸಳೆಯ ಭಯವಿಲ್ಲ, ಎರಡೂ ಕಡೆ ನಡೆಯಲು ಏರಿಯಿದೆ ಎಂದು ಲೆಕ್ಕ ಹಾಕಿ, ಒಂದು ದೊಡ್ಡ ನಾಲೆಯ ಬಳಿಗೆ ಕರಿಯನನ್ನು ಕರೆದುಕೊಂಡು ಹೋದೆ. ಯಾವ ನಾಲೆ ಎಂಬುದು ಮುಖ್ಯವಲ್ಲ, ಅಂಥವು ನಮ್ಮ ಸೀಮೆಯಲ್ಲಿ ಹಲವಾರಿವೆ. ಪಟ್ಟಿ ಬಿಚ್ಚಿದೆ. ಅವನು ಎಂದಿನಂತೆ ಹಿಂದೆ ಮುಂದೆ ನೋಡದೆ ಹಾರಿದ. ಒಂದು ಸುತ್ತು ಈಜಿ ದಡಕ್ಕೆ ಬಂದ. ಮುಂಗಾಲನ್ನು ಸಿಮೆಂಟಿನ ಇಳಿಜಾರಿನ ಮೇಲೆ ಇಟ್ಟ, ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ನುಣುಪಾದ ಸಿಮೆಂಟು, ಅದರ ಮೇಲೆ ನೀರಿನ ಮಟ್ಟದವರೆಗೆ ಒಂದು ಗೇಣು ಪಾಚಿ. ಉಗುರು ಊರಲು ಒಂದು ಬಿರುಕೂ ಇರಲಿಲ್ಲ. ಅಷ್ಟರಲ್ಲಿ ಹರಿವು ಅವನನ್ನು ಕೆಳಕ್ಕೆ ತಳ್ಳಿಕೊಂಡು ಹೋಗುತ್ತಿತ್ತು. ನಾನು ಏರಿಯ ಮೇಲೆ ಜೊತೆಜೊತೆಯಾಗಿ ಓಡುತ್ತಿದ್ದೆ. ಅವನ ಕಣ್ಣು ನನ್ನ ಮೇಲೇ ಇತ್ತು. ಆ ನೋಟದಲ್ಲಿ ಇನ್ನೂ ಗಾಬರಿ ಇರಲಿಲ್ಲ, ನನ್ನ ಮೇಲಿನ ನಂಬಿಕೆ ಇತ್ತು. ಅದೇ ನನ್ನ ಜಂಘಾಬಲವನ್ನು ಉಡುಗಿಸಿತು.

ಅಂಗಿ ಬಿಚ್ಚಿ ನಾನೂ ಇಳಿಯಲು ಬಾಗಿದೆ. ಎದುರು ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸು ಕುಡುಗೋಲು ಎತ್ತಿ ಕೂಗಿಕೊಂಡಳು: “ಇಳೀಬ್ಯಾಡಿ ಸ್ವಾಮಿ, ಇಳೀಬ್ಯಾಡಿ! ನಿಮ್ಗೂ ಹತ್ತಕ್ಕಾಗಕಿಲ್ಲ. ಮುಂದಕ್ಕೋಡಿ, ಸೇತ್ವೆ ತಾವ ಮೆಟ್ಲವೆ!”

ಓಡಿದೆ. ಇನ್ನೂರು ಗಜವಿರಬಹುದು. ಬಟ್ಟೆ ಒಗೆಯುವವರಿಗಾಗಿ ಕಟ್ಟಿದ ನಾಲ್ಕಾರು ಮೆಟ್ಟಿಲುಗಳು ಅಲ್ಲಿದ್ದವು. ಒಗೆಯುತ್ತಿದ್ದ ಹುಡುಗನೊಬ್ಬ ಸೊಂಟದ ಮಟ್ಟ ನೀರಿನಲ್ಲಿ ನಿಂತು ಒಂದು ಕೈಯಿಂದ ಕಬ್ಬಿಣದ ಬಳೆ ಹಿಡಿದುಕೊಂಡು, ಇನ್ನೊಂದರಿಂದ ಕರಿಯನ ಕುತ್ತಿಗೆಯ ಚರ್ಮವನ್ನು ಬಾಚಿ ಎಳೆದ. ಕರಿಯ ಮೆಟ್ಟಿಲ ಮೇಲೆ ಬಿದ್ದವನು ಏಳಲಿಲ್ಲ. ಸುಮಾರು ಕಾಲು ಗಂಟೆ ಪಕ್ಕೆ ಅದುರುತ್ತ ಮಲಗಿದ್ದ. ಅವನ ಮುಂಗಾಲಿನ ಉಗುರುಗಳು ಸವೆದು ರಕ್ತ ಬಂದಿತ್ತು.

ಆ ಹೆಂಗಸು ಸೇತುವೆ ದಾಟಿ ಬಂದು ಅವನನ್ನು ನೋಡಿದಳು. ನನ್ನನ್ನೂ ನೋಡಿದಳು. ಬೈಯಲಿಲ್ಲ. “ಇಳಿಯೋ ತಾವ ಯಾರ್ ಬೇಕಾದ್ರೂ ತೋರುಸ್ತಾರೆ ಸ್ವಾಮಿ. ಹತ್ತೋ ತಾವ ಮೊದ್ಲು ನೋಡ್ಕಬೇಕು” ಎಂದಳು. ಅವರ ಹಟ್ಟಿಯ ಎರಡು ಕುರಿ ಹಿಂದಿನ ವರ್ಷ ಹಾಗೆಯೇ ಹೋದುವಂತೆ.

ಅಂದಿನಿಂದ ನಾನು ಯಾವ ನೀರನ್ನು ಕಂಡರೂ ನಾಯಿಯ ಕಣ್ಣಿನಿಂದ, ಅಂದರೆ ಒಂದು ಮೊಳ ಎತ್ತರದಿಂದ, ಒದ್ದೆ ಕಾಲಿನಿಂದ ನೋಡುತ್ತೇನೆ. ಹಾಗೆ ನೋಡಿದರೆ ಎಷ್ಟೋ ಚೆಂದದ ಜಾಗಗಳು ಬೋನುಗಳಂತೆ ಕಾಣುತ್ತವೆ. ಕಲ್ಲು ಕಟ್ಟಿದ ತೋಟದ ಬಾವಿ ಹಾಗೆ. ಕಲ್ಲುಗಣಿಯ ಹಳ್ಳದಲ್ಲಿ ನಿಂತ ನೀಲಿ ನೀರು ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು ಹೊಲಗಳಲ್ಲಿನ ಕೃಷಿಹೊಂಡ. 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯಿಂದ ಬಯಲುಸೀಮೆಯ ರೈತರಿಗೆ ಅದರಿಂದ ಬಹಳ ಉಪಕಾರವಾಗಿದೆ, ಅಲ್ಲಗಳೆಯುವುದಿಲ್ಲ. ಆದರೆ ನೀರು ಇಂಗದಿರಲೆಂದು ಹಾಸಿದ ಆ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಬೆಣ್ಣೆಯಂತೆ ಜಾರುತ್ತದೆ. ನಾಯಿಯೇನು, ಈಜು ಬಲ್ಲ ಗಟ್ಟಿ ಆಳಿಗೂ ಹತ್ತಲಾಗುವುದಿಲ್ಲ. ಹೊಂಡದ ಸುತ್ತ ಬೇಲಿಯಿಲ್ಲದಿದ್ದರೆ ನಾಯಿಯನ್ನು ಹಗ್ಗದಲ್ಲೇ ಹಿಡಿದು ದಾಟಿ. ನಿಮ್ಮದೇ ಹೊಲದಲ್ಲಿ ಹೊಂಡವಿದ್ದರೆ ನಾಲ್ಕು ಮೂಲೆಯಲ್ಲೂ ಗಂಟು ಹಾಕಿದ ಹಗ್ಗವನ್ನೋ ಹಳೆಯ ಟೈರುಗಳ ಸರವನ್ನೋ ಇಳಿಬಿಡಿ. ಖರ್ಚು ಹೆಚ್ಚಿಲ್ಲ.

ಹಾಗಾದರೆ ನಾಯಿ ಈಜುವುದೆಲ್ಲಿ? ನಮ್ಮ ಹಿರಿಯರು ಅದಕ್ಕೆ ತಕ್ಕ ಜಾಗವನ್ನು ಊರೂರಿನಲ್ಲೂ ಮಾಡಿಟ್ಟು ಹೋಗಿದ್ದಾರೆ. ಅದು ಹಳ್ಳಿಯ ಹಳೆಯ ಕೆರೆ. ಆದರೆ ಅದರ ಎಲ್ಲ ಮಗ್ಗುಲೂ ಅಲ್ಲ.

ಕೆರೆಯನ್ನು ಪಟ್ಟಣದ ನಾವು ಒಂದು ಬಟ್ಟಲೆಂದು ತಿಳಿಯುತ್ತೇವೆ. ಅದು ಬಟ್ಟಲಲ್ಲ, ಮೊರ. ಒಂದು ಕಡೆ ಏರಿ, ಅಲ್ಲಿ ನೀರು ಎಲ್ಲಕ್ಕಿಂತ ಆಳ, ಕಲ್ಲು ಹೊಂದಿಸಿದ ಕಡಿದಾದ ದಡ. ಏರಿಯ ಬುಡದಲ್ಲೇ ತೂಬು. ಗದ್ದೆಗೆ ನೀರು ಬಿಟ್ಟಾಗ ಅದರ ಸೆಳೆತಕ್ಕೆ ಸಿಕ್ಕ ಪ್ರಾಣಿ ಹಿಂದಿರುಗುವುದಿಲ್ಲ. ಒಂದು ಮೂಲೆಯಲ್ಲಿ ಕೋಡಿ. ಕೆರೆ ತುಂಬಿ ಕೋಡಿ ಬಿದ್ದಾಗ ನೋಡಲು ಚೆಂದ, ಹತ್ತಿರ ಹೋಗಲು ಅಲ್ಲ. ನಾವೆಲ್ಲ ಏರಿಯ ಮೇಲೆ ರಸ್ತೆ ಇರುತ್ತದೆಂದು ಅಲ್ಲೇ ಬಂಡಿ ನಿಲ್ಲಿಸಿ ನಾಯಿಯನ್ನು ಇಳಿಸುತ್ತೇವೆ. ಅದೇ ತಪ್ಪು. ಸುತ್ತು ಹಾಕಿಕೊಂಡು ಎದುರು ಬದಿಗೆ, ಹಳ್ಳ ಬಂದು ಕೆರೆ ಸೇರುವ ಕಡೆಗೆ ಹೋಗಬೇಕು. ಅಲ್ಲಿ ನೆಲ ನಿಧಾನವಾಗಿ ಇಳಿಯುತ್ತದೆ. ದನಕರು ನೀರಿಗಿಳಿಯುವ ಜಾಡು ಇರುತ್ತದೆ. ಎತ್ತು ಎಮ್ಮೆಗಳು ನಿತ್ಯ ಇಳಿದು ನಿತ್ಯ ಹತ್ತಿ ಬರುವ ಜಾಡಿಗಿಂತ ಒಳ್ಳೆಯ ಸರ್ಟಿಫಿಕೇಟು ನಾಯಿಗೆ ಬೇಕಿಲ್ಲ.

ನಂಜನಗೂಡಿನ ಕಡೆ ನಮ್ಮ ತಾಯಿಯ ಊರಿನ ಕೆರೆ ಹೀಗಿದೆ. ಅಕ್ಟೋಬರಿನಿಂದ ಜನವರಿಯವರೆಗೆ ನಮ್ಮ ಭಾನುವಾರಗಳು ಅಲ್ಲಿ ಕಳೆಯುತ್ತವೆ. ಹೋದೊಡನೆ ಮೊದಲ ಕೆಲಸ ಅರಳಿಕಟ್ಟೆಯ ಬಳಿ ಯಾರನ್ನಾದರೂ ಮಾತನಾಡಿಸುವುದು. ಈ ವರ್ಷ ಕೆರೆಯಲ್ಲಿ ಜೇಡಿಮಣ್ಣು ತೆಗೆದರೆ, ಎಲ್ಲಿ ತೆಗೆದರು? ಯಂತ್ರದಿಂದ ಅಗೆದ ಗುಂಡಿಗಳು ನೀರು ತುಂಬಿದ ಮೇಲೆ ಮೇಲಿನಿಂದ ಕಾಣುವುದಿಲ್ಲ. ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಎರಡಾಳುದ್ದ. ಮೀನಿನ ಬಲೆ ಹಾಕಿದ್ದಾರೆಯೆ? ನೈಲಾನಿನ ಬಲೆಗೆ ಕಾಲು ಸಿಕ್ಕ ನಾಯಿ ಒದ್ದಷ್ಟೂ ಸುತ್ತಿಕೊಳ್ಳುತ್ತದೆ. ಇವೆಲ್ಲ ಯಾವ ಪುಸ್ತಕದಲ್ಲೂ ಸಿಕ್ಕುವುದಿಲ್ಲ, ಕಟ್ಟೆಯ ಮೇಲೆ ಕೂತ ಅಜ್ಜನಿಗೆ ಗೊತ್ತಿರುತ್ತದೆ. ಕೇಳಿದರೆ ಅವರಿಗೂ ಸಂತೋಷ. ಕೇಳದೆ ಪಟ್ಟಣದ ನಾಯಿಯನ್ನು ಊರ ಕೆರೆಗೆ ಬಿಟ್ಟರೆ ಯಾರಿಗೆ ತಾನೆ ಹಿಡಿಸೀತು? ಅಲ್ಲಿ ಬಟ್ಟೆ ಒಗೆಯುವವರಿದ್ದಾರೆ, ದನ ಮೈ ತೊಳೆಯುವವರಿದ್ದಾರೆ. ಅವರು ಇರುವ ಕಡೆಯಿಂದ ದೂರಕ್ಕೆ ಹೋಗಬೇಕು. ಊರ ನಾಯಿಗಳದ್ದೂ ಒಂದು ಸರಹದ್ದು ಇರುತ್ತದೆ. ಅವು ಬೊಗಳುತ್ತ ಬಂದರೆ ಕಲ್ಲು ಎತ್ತಬೇಡಿ. ನಿಮ್ಮ ನಾಯಿಯನ್ನು ಕಾಲ ಬಳಿ ಹಿಡಿದು, ಓಡದೆ, ಸುಮ್ಮನೆ ನಡೆದುಬಿಡಿ. ಸರಹದ್ದು ದಾಟಿದ ಮೇಲೆ ಅವೇ ನಿಲ್ಲುತ್ತವೆ.

ಮಾರ್ಚಿ ಬಂತೆಂದರೆ ಅಲ್ಲಿಗೂ ರಜಾ. ನೀರು ಹಿಂದಕ್ಕೆ ಸರಿದು ಕೆಸರು ಉಳಿಯುತ್ತದೆ. ಅದರಲ್ಲಿ ಎಮ್ಮೆಗಳೇ ಹೂತುಕೊಳ್ಳುತ್ತವೆ. ನಿಂತ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಕೆನೆ ಕಟ್ಟಿದ್ದರೆ ಯಾವ ಕಾಲದಲ್ಲೂ ನಾಯಿಯನ್ನು ಬಿಡಕೂಡದು. ಅಂಥ ಪಾಚಿಯಲ್ಲಿ ಕೆಲವು ವಿಷದ್ದು. ನಾಯಿ ನೀರು ಕುಡಿಯದಿದ್ದರೂ ಮೈ ನೆಕ್ಕಿಕೊಂಡು ಒಳಕ್ಕೆ ತೆಗೆದುಕೊಳ್ಳುತ್ತದೆ, ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಅಂತರಗಂಗೆ ಮುಚ್ಚಿದ ನೀರೂ ಬೇಡ. ನಾಯಿ ಅದನ್ನು ಹುಲ್ಲುಗಾವಲೆಂದು ತಿಳಿದು ಕಾಲಿಡುತ್ತದೆ.

ಎಲ್ಲ ನಾಯಿಗೂ ಹುಟ್ಟಿನಿಂದ ಈಜು ಬರುತ್ತದೆ ಎಂಬ ಮಾತಿದೆ. ಅರ್ಧ ನಿಜ. ನೀರಿಗೆ ಬಿದ್ದರೆ ಎಲ್ಲವೂ ಕಾಲು ಬಡಿಯುತ್ತವೆ, ಎಲ್ಲವೂ ತೇಲುವುದಿಲ್ಲ. ಮೀನುಗಾರರ ಜೊತೆ ಬೆಳೆದ ವಂಶದ ಲ್ಯಾಬ್ರಡಾರಿಗೆ ದಟ್ಟವಾದ ತುಪ್ಪಳ, ಚುಕ್ಕಾಣಿಯಂಥ ಬಾಲ. ಅದನ್ನು ನೀರಿನಿಂದ ಹೊರಕ್ಕೆ ಕರೆಯುವುದೇ ಕಷ್ಟ. ಚಪ್ಪಟೆ ಮೂತಿಯ, ಗಿಡ್ಡ ಕಾಲಿನ ಪಗ್ ಜಾತಿಯದಕ್ಕೆ ಮೂಗು ಮೇಲಿಡುವುದೇ ದೊಡ್ಡ ಸಾಹಸ. ನಮ್ಮ ಪಕ್ಕದ ಮನೆಯಲ್ಲಿ ಮುಧೋಳದ ನಾಯಿಯಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ವಂಶ, ನೆಲದ ಮೇಲೆ ಬಿಟ್ಟ ಬಾಣ. ಆದರೆ ಮೈಯಲ್ಲಿ ಕೊಬ್ಬೇ ಇಲ್ಲ. ಮಳೆಯ ಕುಂಟೆ ಕಂಡರೂ ಮಡಿ ಉಟ್ಟ ಅಜ್ಜಿಯಂತೆ ಪಕ್ಕದಲ್ಲಿ ಹಾದುಹೋಗುತ್ತದೆ. ಅದನ್ನು ಒತ್ತಾಯ ಮಾಡಬಾರದು. ನಾಯಿಯನ್ನು ಎತ್ತಿ ನೀರಿಗೆ ಎಸೆದು ಈಜು ಕಲಿಸುತ್ತೇನೆನ್ನುವವನಿಗೆ ನಾಯಿ ಸಾಕುವ ಹಕ್ಕಿಲ್ಲ.

ಕರಿಯನಿಗೆ ಈಗ ಕುತ್ತಿಗೆಪಟ್ಟಿಯಲ್ಲ, ಎದೆಗೂ ಬೆನ್ನಿಗೂ ಸುತ್ತಿ ಬರುವ ಪಟ್ಟಿ. ಬೆನ್ನಿನ ಮೇಲೆ ಹಿಡಿಯಿದೆ, ಒಂದು ಕೈಯಲ್ಲಿ ಎತ್ತಬಹುದು. ಅದಕ್ಕೆ ಇಪ್ಪತ್ತೈದು ಅಡಿ ತೆಂಗಿನ ನಾರಿನ ಹಗ್ಗ. ನಾರಿನ ಹಗ್ಗ ತೇಲುತ್ತದೆ, ಕಾಲಿಗೆ ತೊಡಕುವುದು ಕಡಮೆ. ಇನ್ನೊಂದು ತುದಿ ನನ್ನ ಕೈಯಲ್ಲೇ ಇರುತ್ತದೆ. ನಾಯಿಯನ್ನು ಉಳಿಸಲು ಹೋಗಿ ಮನುಷ್ಯರು ಸತ್ತದ್ದನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ಆ ಹೆಂಗಸಿನ ಕೂಗು ಕೇಳಿಸುತ್ತದೆ.

ಮನೆಗೆ ಬಂದ ಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು, ಕಿವಿಯನ್ನು ಮಡಿಸಿ ಒಳಗೆ ಒರಸಬೇಕು. ಜೋಲುಕಿವಿಯ ನಾಯಿಗಳಿಗೆ ಅಲ್ಲಿಯೇ ಹುಣ್ಣು ಶುರುವಾಗುವುದು. ಬೆರಳ ಸಂದಿಯಲ್ಲಿ, ಕಿವಿಯ ಬುಡದಲ್ಲಿ ಉಣ್ಣಿ ನೋಡಬೇಕು. ಹುಚ್ಚುನಾಯಿ ರೋಗದ ಲಸಿಕೆಯ ಜೊತೆಗೆ, ನೀರಿಗಿಳಿಯುವ ನಾಯಿಗೆ ಇಲಿಜ್ವರದ ಲಸಿಕೆಯನ್ನೂ ಪಶುವೈದ್ಯರನ್ನು ಕೇಳಿ ವರ್ಷ ವರ್ಷ ಹಾಕಿಸಿ. ಆ ರೋಗ ಇಲಿಯ ಮೂತ್ರ ಸೇರಿದ ನೀರಿನಿಂದ ನಾಯಿಗೆ, ನಾಯಿಯಿಂದ ನಮಗೂ ಬರಬಹುದು.

ಇಷ್ಟೆಲ್ಲ ಉಪಚಾರ ಒಂದು ಬೀದಿನಾಯಿಗೆ ಏಕೆ ಎಂದು ನಮ್ಮ ಸೋದರಮಾವ ಒಮ್ಮೆ ಕೇಳಿದರು. ಮದ್ದೂರಿನ ಹತ್ತಿರದ ಆತಕೂರಿನ ಶಾಸನದ ಕಥೆ ಹೇಳಿದೆ. ಕ್ರಿ. ಶ. 949–50ರ ಕಾಲದ್ದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕೆಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟುಕೊಟ್ಟರು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿಟ್ಟಿದ್ದಾರೆ. “ಆ ನಾಯಿ ಹಂದಿ ಹಿಡಿಯಿತು, ನಿನ್ನದು ಏನು ಹಿಡಿದಿದೆ?” ಎಂದರು ಮಾವ. ಒಂದು ಹಲ್ಲಿಯನ್ನೂ ಹಿಡಿದಿಲ್ಲವೆಂದು ಒಪ್ಪಿಕೊಂಡೆ.

ಕರಿಯನಿಗೆ ಈಗ ಹದಿಮೂರು ದಾಟಿದೆ. ಮೂತಿ ನರೆತಿದೆ. ಬೆಟ್ಟದ ಮೆಟ್ಟಿಲು ಬಿಟ್ಟಾಯಿತು. ಮುದಿನಾಯಿಗೆ ಹತ್ತುವುದಕ್ಕಿಂತ ಇಳಿಯುವುದು ಹೆಗಲಿಗೆ ಭಾರ. ಕೆರೆಗೆ ಮಾತ್ರ ಹೋಗುತ್ತೇವೆ. ದನದ ಜಾಡಿನಲ್ಲಿ ಮೆಲ್ಲಗೆ ಇಳಿದು, ಹೊಟ್ಟೆಗೆ ನೀರು ತಾಗುವಲ್ಲಿ ನಿಂತುಬಿಡುತ್ತಾನೆ. ಮುಂದೆ ಈಜುವುದಿಲ್ಲ. ನೀರುಕೋಳಿಗಳು ಹತ್ತಿರದಲ್ಲೇ ಓಡಾಡಿದರೂ ಕತ್ತು ಹೊರಳಿಸುವುದಿಲ್ಲ. ಹೀಗೆ ಹತ್ತು ನಿಮಿಷ ನಿಂತು, ಆಮೇಲೆ ತಾನಾಗಿಯೇ ತಿರುಗಿ, ಬಂದ ಹೆಜ್ಜೆಯ ಮೇಲೆಯೇ ಹತ್ತಿ ಬಂದು, ನನ್ನ ಒಣಗಿದ ಪಂಚೆಯ ಪಕ್ಕದಲ್ಲೇ ಮೈ ಒದರುತ್ತಾನೆ.